ಹೇರೋಹಳ್ಳಿಯಲ್ಲಿ ಗೋಡೆ ಸರಿಸಿದ ವರ್ಷ

ಎದುರುಗಡೆ ಸೈಟಿನಲ್ಲಿ ಮೊನ್ನೆ ಚಾವಣಿಗೆ ಮೋಲ್ಡ್ ಹಾಕಿದ್ರು. ಇವತ್ತು ಬೆಳಿಗ್ಗೆ ಅದರ ಮೇಲೆ ಪೈಪ್ ಹಿಡಿದು ನೀರು ಬಿಡ್ತಾ ಇದ್ದಾಗ ಆ ವಾಸನೆ ರಸ್ತೆ ದಾಟಿ ನನ್ನ ಹೊಲಿಗೆ ಮೆಷಿನ್ ತನಕ ಬಂತು. ಹೊಸ ಸಿಮೆಂಟಿನ ಮೇಲೆ ನೀರು ಬಿದ್ದ ವಾಸನೆ. ಮೊದಲ ಮಳೆಯ ಮಣ್ಣಿನ ವಾಸನೆ ಬಗ್ಗೆ ಎಲ್ಲರೂ ಹೊಗಳಿ ಮಾತಾಡ್ತಾರೆ, ಇದನ್ನ ಮಾತ್ರ ಯಾರೂ ಕೇಳಲ್ಲ. ನನಗಂತೂ ಮೂಗಿಗೆ ಬಿದ್ದ ಕೂಡಲೇ ಕಾಲು ಒಂದು ಕಡೆ ನಿಲ್ಲಲಿಲ್ಲ. ಕತ್ತರಿ ಕೆಳಗಿಟ್ಟು ಹೊರಗೆ ಬಂದುಬಿಟ್ಟೆ.

ಆ ಮನೆ ಕಟ್ಟಿಸ್ತಾ ಇರೋಳು ಹೊಸದಾಗಿ ಮದುವೆಯಾದ ಹುಡುಗಿ. ನನ್ನ ನೋಡಿದ್ದೇ ತಡ, ಫೋನ್ ತೋರಿಸೋಕೆ ಓಡಿ ಬಂದ್ಲು. "ಆಂಟಿ, ನೋಡಿ, ಕಿಚನ್ ಹೀಗೆ ಬರುತ್ತೆ. ಮಧ್ಯದಲ್ಲಿ ಗ್ರಾನೈಟ್ ಕಟ್ಟೆ, ಸುತ್ತ ನಾಲ್ಕು ಸ್ಟೂಲು. ಆರೇ ತಿಂಗಳಲ್ಲಿ ಮುಗಿಸಿ ಕೊಡ್ತಾರಂತೆ!" ಅವರ ಸೈಟೂ ನಮ್ಮದರಷ್ಟೇ, ಮೂವತ್ತು ನಲವತ್ತು. ನನಗೆ ನಗು ತಡೆಯೋಕೆ ಆಗಲಿಲ್ಲ. ಪಾಪ, ಅವಳ ಮುಖ ಸಪ್ಪಗಾಯ್ತು. "ನಿನ್ನ ನೋಡಿ ಅಲ್ಲ ಕಣೇ," ಅಂದೆ, "ಎರಡು ವರ್ಷದ ಹಿಂದೆ ಇದೇ ರಸ್ತೆಯಲ್ಲಿ ನಾನೂ ಹೀಗೇ ಫೋನ್ ಹಿಡ್ಕೊಂಡು ಕುಣೀತಿದ್ದೆ."

ಕುಣೀತಿದ್ದೆ ಅಂದ್ರೆ ನಿಜವಾಗ್ಲೂ ಕುಣೀತಿದ್ದೆ. ಆ ವರ್ಷದಷ್ಟು ಖುಷಿ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಇದನ್ನ ನಮ್ಮೆಜಮಾನ್ರ ಮುಂದೆಯೇ ಹೇಳಿದೀನಿ, ಅವರೂ ತಲೆ ಆಡಿಸಿದಾರೆ.

ಆಗ ನಾವಿದ್ದದ್ದು ಕುರುಬರಹಳ್ಳಿಯಲ್ಲಿ, ಒಂದು ಬಾಡಿಗೆ ಮನೆಯ ಮೊದಲನೇ ಮಹಡಿ. ನಾಲ್ಕು ಜನ. ಕಚೇರಿಯಲ್ಲಿ ಗುಮಾಸ್ತರಾಗಿರೋ ನಮ್ಮೆಜಮಾನ್ರು, ಕಾಲೇಜಿಗೆ ಹೋಗೋ ಮಗಳು ಸಿಂಚನ, ಚಿತ್ರದುರ್ಗದ ಕಡೆಯವರಾದ ನಮ್ಮತ್ತೆ, ಆಮೇಲೆ ನಾನು. ಅತ್ತೆಯನ್ನ ನಾವೆಲ್ಲ ಅವ್ವ ಅಂತೀವಿ. ನಾನು ಬ್ಲೌಸ್ ಹೊಲೀತೀನಿ. ಮನೆಗಿದ್ದದ್ದು ಒಂದೇ ಹಾಲು. ಅದರಲ್ಲೇ ನನ್ನ ಮೆಷಿನ್ನು, ಅದರಲ್ಲೇ ಅವ್ವನ ಮಂಚ. ಗಿರಾಕಿ ಬಂದು ಅಳತೆ ಕೊಡೋಕೆ ನಿಂತ್ರೆ ಅವ್ವ ಗೋಡೆ ಕಡೆ ಮುಖ ಮಾಡಿ ಮಲಗ್ಬೇಕು. ಹಂಗಿತ್ತು ನಮ್ಮ ಸಂಸಾರ.

ಅದೂ ಹೋಗ್ಲಿ. ಅವ್ವನಿಗೆ ಎರಡೂ ಮಂಡಿ ಸೋತು ವಾಕರ್ ಹಿಡಿದು ನಾಲ್ಕು ವರ್ಷವಾಗಿತ್ತು. ಆ ಮನೆಯ ಬಾತ್‌ರೂಮು ಅಡುಗೆಮನೆ ದಾಟಿ, ಎರಡು ಮೆಟ್ಟಿಲು ಇಳಿದು ಹೋಗೋ ಕಡೆ. ವಾಕರ್ ಅಲ್ಲಿಗೆ ಹೋಗ್ತಿರಲಿಲ್ಲ. ಪ್ರತಿ ಸಲವೂ ನಾನೋ ಸಿಂಚನಾನೋ ರಟ್ಟೆ ಹಿಡಿದು ಕರ್ಕೊಂಡು ಹೋಗಿ, ಬಾಗಿಲು ಅರ್ಧ ಎಳೆದು, ಅದನ್ನ ಹಿಡ್ಕೊಂಡು ಹೊರಗೆ ನಿಲ್ಲಬೇಕು. ಬಿದ್ದುಗಿದ್ದರೆ ಅಂತ ಚಿಲಕ ಹಾಕೋ ಹಾಗಿರಲಿಲ್ಲ. ಯಜಮಾನನನ್ನ ಕಳ್ಕೊಂಡ ಮೇಲೆ ಒಬ್ಬಳೇ ಹೊಲ ಗೆಯ್ದು ಮಗನ್ನ ಓದಿಸಿದ ಹೆಂಗಸು ಅದು. ನಮ್ಮನ್ನ ಕರೆಯೋ ಸಂಕಟಕ್ಕೆ ಮಧ್ಯಾಹ್ನದ ಮೇಲೆ ನೀರು ಕುಡಿಯೋದನ್ನೇ ಬಿಟ್ಟಿದ್ದಳು. ಡಾಕ್ಟರು ಬೈದ ಮೇಲೆ ನಮಗೆ ಗೊತ್ತಾಯ್ತು. ನಮ್ಮೆಜಮಾನ್ರು ಅವತ್ತು ಊಟಾನೇ ಮಾಡಲಿಲ್ಲ. "ಮನೆ ಕಟ್ಟೋಣ. ಏನು ಇರುತ್ತೋ ಬಿಡುತ್ತೋ, ಅವ್ವ ತಾನೇ ಎದ್ದು ಬಾತ್‌ರೂಮಿಗೆ ಹೋಗಿ ಬರೋ ಹಾಗಿರ್ಬೇಕು" ಅಂದ್ರು. ಹೇರೋಹಳ್ಳಿಯ ಸೈಟು ಬಹಳ ವರ್ಷದಿಂದ ಪಾರ್ಥೇನಿಯಂ ಬೆಳ್ಕೊಂಡು ಬಿದ್ದಿತ್ತು. ಅದಕ್ಕೆ ಯೋಗ ಬಂತು.

ಮನೆ ಅಂತ ಒಂದು ಸಲ ಬಾಯಲ್ಲಿ ಬಂದಿದ್ದೇ ಬಂದಿದ್ದು, ಎಲ್ಲರ ಆಸೆಗೂ ರೆಕ್ಕೆ ಬಂತು. ಸಿಂಚನಂಗೆ ಬಾಲ್ಕನಿ. ಇವರಿಗೆ ಕಾರ್ ಪಾರ್ಕಿಂಗು, ನಮ್ಮಲ್ಲಿ ಕಾರಿಲ್ಲ ಅನ್ನೋದು ಬೇರೆ ಮಾತು. ನನಗೆ ರಸ್ತೆ ಕಡೆ ಬಾಗಿಲಿರೋ ಒಂದು ಹೊಲಿಗೆ ರೂಮು, ಅದರಲ್ಲಿ ಆರಡಿ ಉದ್ದದ ಕಟಿಂಗ್ ಟೇಬಲ್ಲು. ಗಿರಾಕಿ ಹೊರಗಿಂದ ಹೊರಗೇ ಬಂದು ಹೋಗ್ಬೇಕು, ನಮ್ಮನೆ ಸಾರಿನ ವಾಸನೆ ಯಾರ ಮೂಗಿಗೂ ಹೋಗ್ಬಾರದು. ಇದನ್ನ ಎಷ್ಟು ವರ್ಷ ಮನಸ್ಸಿನಲ್ಲೇ ಹೊಲೀತಾ ಇದ್ನೋ!

ತಮಾಷೆ ಏನು ಗೊತ್ತಾ? ಆಸೆಗೆ ಅಳತೆ ಹಿಡಿಯೋದೇ ನನ್ನ ದಿನನಿತ್ಯದ ಕೆಲಸ. ಎಂಬತ್ತು ಸೆಂಟಿಮೀಟರ್ ಬಟ್ಟೆ ತಂದು, ಮೊಣಕೈ ತನಕ ತೋಳು, ಅದಕ್ಕೆ ಪಫ್ಫು, ಹಿಂದೆ ದೊಡ್ಡ ಗಂಟು, ಮಿಕ್ಕಿದ ಬಟ್ಟೆಯಲ್ಲಿ ಮಗೂಗೊಂದು ಫ್ರಾಕು ಅಂತ ಕೇಳೋರಿದಾರೆ. "ತಾಯಿ, ಬಟ್ಟೆ ಇರೋದೇ ಇಷ್ಟು, ತೋಳು ಬೇಕಾ ಗಂಟು ಬೇಕಾ ಹೇಳಿ" ಅಂತ ಮುಲಾಜಿಲ್ಲದೆ ಹೇಳೋಳು ನಾನು. ಅಂಥವಳಿಗೇ ಮನೆ ವಿಷಯಕ್ಕೆ ಬುದ್ಧಿ ಮಂಕಾಯ್ತು.

ಮೊದಲು ಹೋದದ್ದು ರಾಜಾಜಿನಗರದ ಒಂದು ಎಸಿ ಆಫೀಸಿಗೆ. ಅಲ್ಲಿದ್ದವನು ನಾವು ಏನು ಕೇಳಿದ್ರೂ "ಆಗುತ್ತೆ ಮೇಡಂ" ಅಂದ. ಕಂಪ್ಯೂಟರಲ್ಲಿ ಮನೆ ಚಿತ್ರ ಮಾಡಿಕೊಟ್ಟ. ಅಬ್ಬಾ, ಆ ಚಿತ್ರ! ಬಾಲ್ಕನಿಯಿಂದ ಇಳಿಬಿದ್ದ ಹೂಬಳ್ಳಿ, ಕೆಳಗೆ ಒಂದು ಕೆಂಪು ಕಾರು, ಅದರ ಪಕ್ಕ ಹುಲ್ಲುಹಾಸು. ನಮ್ಮೆಜಮಾನ್ರು ಅದನ್ನ ಫೋನಿನ ವಾಲ್‌ಪೇಪರ್ ಮಾಡ್ಕೊಂಡ್ರು. ನಾನು ಅಳತೆಗೆ ಬಂದ ಪ್ರತಿ ಗಿರಾಕಿಗೂ ತೋರಿಸಿದೆ. ಆದ್ರೆ ಕೊನೆಗೆ ಅವನು ಹೇಳಿದ ಮೊತ್ತ ಕೇಳಿ ಇಬ್ಬರೂ ಸೀದಾ ಬಸ್ ಹತ್ತಿದ್ವಿ.

ಆಮೇಲೆ ಸಿಕ್ಕಿದ್ದು ಮುನಿರಾಜಣ್ಣ. ಹೇರೋಹಳ್ಳಿಯವರೇ, ಅರವತ್ತರ ಹತ್ತಿರದ ಮೇಸ್ತ್ರಿ. ನಮ್ಮ ಸೈಟಿನ ಜಾಗದಲ್ಲಿ ಅವರಪ್ಪ ಕೊತ್ತಂಬರಿ ಬೆಳೀತಿದ್ರಂತೆ. ನಾನು ಜಂಬದಿಂದ ಫೋನ್ ಚಿತ್ರ ತೋರಿಸಿದೆ. ಕನ್ನಡಕ ಏರಿಸಿ ನೋಡಿದ್ರು. "ಚೆನ್ನಾಗೈತೆ. ಯಾರ ಮನೆ ಇದು?" ಅಂದ್ರು.

"ನಮ್ಮದೇ ಅಣ್ಣಾ!"

"ನಿಮ್ದು ಇದ್ರ ಅರ್ಧ ಬರಲ್ಲ ಅಕ್ಕಾ. ಈಗ ಒಂದೇ ಮಹಡಿ, ಹೊರಗಡೆ ಒಂದು ಮೆಟ್ಟಿಲು. ಮಿಕ್ಕಿದ್ದು ದೇವರು ಕೊಟ್ಟಾಗ. ಬೇಕು ಬೇಕು ಅಂತ ಪಟ್ಟಿ ಎಲ್ರೂ ತರ್ತಾರೆ. ಯಾವ್ದು ಬಿಡ್ತೀರಾ ಅಂತ ಬರ್ಕೊಂಡು ಬನ್ನಿ, ಆಮೇಲೆ ಗುದ್ದಲಿ ಹಾಕೋಣ."

ನನಗೆ ಮೈಯೆಲ್ಲ ಉರಿದುಹೋಯ್ತು. ನಮ್ಮೆಜಮಾನ್ರು ಮಾತ್ರ, "ಈ ವಯ್ಯ ನಿನ್ನ ಥರಾನೇ ಮಾತಾಡ್ತಾನಲ್ಲೇ" ಅಂತ ನಕ್ಕು, ಅವರಿಗೇ ಕೆಲಸ ಒಪ್ಪಿಸಿದ್ರು.

ಬಿಡೋ ಪಟ್ಟಿ ನಾವು ಯಾರೂ ಬರೀಲಿಲ್ಲ ಅನ್ನಿ. ಬರೆಸಿದ್ದು ಮುನಿರಾಜಣ್ಣನೇ. ಅವರದೊಂದು ಪದ್ಧತಿ ಇತ್ತು. ಪಾಯ ತೋಡೋಕೆ ಮುಂಚೆ ಇಡೀ ಮನೆಯನ್ನ ನೆಲದ ಮೇಲೆ ಬಿಳೀ ಪುಡಿಯಲ್ಲಿ ಬರೆದು, ಮನೆಯವರನ್ನೆಲ್ಲ ಒಂದು ಭಾನುವಾರ ಬೆಳಗಿಂದ ಸಂಜೆ ತನಕ ಅದರೊಳಗೆ ಇರೋಕೆ ಹೇಳ್ತಿದ್ರು. ದಸರಾ ಮುಂಚಿನ ಭಾನುವಾರ ನಾವು ಗೂಡ್ಸ್ ಆಟೋದಲ್ಲಿ ಅವ್ವನ ಮಂಚ, ನಾಲ್ಕು ಕುರ್ಚಿ, ನನ್ನ ಮೆಷಿನ್ನು, ಒಂದು ಡಬರಿ ಮಂಡಕ್ಕಿ ಹೇರಿಕೊಂಡು ಹೋದ್ವಿ. ಹೇರೋಹಳ್ಳಿಯ ಆ ರಸ್ತೆಯ ಗುಂಡಿಗಳಲ್ಲಿ ಆಟೋ ಕುಣಿದ ಕುಣಿತಕ್ಕೆ ಅರ್ಧ ಮಂಡಕ್ಕಿ ದಾರಿಗೆ ಹೋಯ್ತು. ಅಕ್ಕಪಕ್ಕದ ಮನೆಯವರೆಲ್ಲ ಟೆರೇಸ್ ಮೇಲೆ ಬಂದು ನಿಂತು ನೋಡಿದ್ರು, ಇದ್ಯಾವ ಹುಚ್ಚರ ಸಂತೆ ಅಂತ.

ಆ ದಿನದ ಮಜಾ ಹೇಳತೀರದು. ನಮ್ಮೆಜಮಾನ್ರು ಹಾಲಿನಿಂದ ಸೀದಾ ಅಡುಗೆಮನೆಗೆ ನಡೆದ್ರೆ, "ಸಾರ್, ಗೋಡೆ ಒಳಗೆ ನುಗ್ತಿದೀರಾ, ಬಾಗಿಲಲ್ಲಿ ಬನ್ನಿ!" ಅಂತ ಮುನಿರಾಜಣ್ಣ ಕೂಗೋರು. ಇವರು ಹಿಂದಕ್ಕೆ ಹೋಗಿ, ಇಲ್ಲದ ಬಾಗಿಲಲ್ಲಿ ತಲೆ ಬಗ್ಗಿಸಿ ಬರೋರು. ಅಷ್ಟೊತ್ತಿಗೆ ಮುನಿರಾಜಣ್ಣ ಇವರನ್ನ ಕೂರಿಸಿಕೊಂಡು ತಮ್ಮ ಹಳೇ ಕಾರನ್ನ ತಂದು ಪಾರ್ಕಿಂಗ್ ಗೆರೆಯೊಳಗೆ ನಿಲ್ಲಿಸಿದ್ರು. "ಇಳೀರಿ ಸಾರ್" ಅಂದ್ರು. ಇವರು ಬಾಗಿಲು ತೆಗೆದ್ರೆ ಅದು ನನ್ನ ಹೊಲಿಗೆ ರೂಮಿನ ಗೆರೆ ದಾಟಿ ಮೆಷಿನ್ನಿಗೆ ತಾಗ್ತು. ಈ ಕಡೆ ತೆಗೆದ್ರೆ ಕಾಂಪೌಂಡು. ಇವರು ಕಾರೊಳಗೇ ಕೂತು ನನ್ನ ಮುಖ ನೋಡಿದ್ರು, ನಾನು ಇವರ ಮುಖ ನೋಡಿದೆ. "ಇಲ್ಲದಿರೋ ಕಾರಿಗೆ ಹೊಟ್ಟೆ ಹೊರೆಯೋ ಮೆಷಿನ್ನನ್ನ ಯಾಕೆ ಹೊರಗೆ ಹಾಕ್ತೀಯೋ?" ಅಂದಳು ಅವ್ವ ಮಂಚದ ಮೇಲಿಂದ. ಪಾರ್ಕಿಂಗ್ ಗೆರೆಯನ್ನ ಇವರೇ ಚಪ್ಪಲಿಯಲ್ಲಿ ಅಳಿಸಿದ್ರು.

ಒಂದೇ ಮಹಡಿ ಅಂದ ದಿನವೇ ಬಾಲ್ಕನಿ ಹೋಗಿತ್ತು. ದೇವರ ಕೋಣೆ ಅಂತ ಬರೆದಿದ್ದನ್ನ ಅವ್ವನೇ ಅಳಿಸಿದಳು. "ನನ್ನ ದೇವ್ರು ನನ್ನ ಕೊಳ್ಳಾಗೇ ಐದಾನೆ, ಅವನಿಗ್ಯಾಕೆ ಬ್ಯಾರೆ ರೂಮು?" ಅಂತ ಎದೆಯ ಮೇಲಿನ ಲಿಂಗ ಮುಟ್ಟಿಕೊಂಡಳು. ಕೊನೆಗೆ ಉಳಿದದ್ದು ಇಷ್ಟು: ರಸ್ತೆ ಕಡೆ ನನ್ನ ಹೊಲಿಗೆ ರೂಮು ಎಂಟಡಿ, ಅದಕ್ಕೆ ಅಂಟಿಕೊಂಡು ಅವ್ವನ ರೂಮು ಒಂಬತ್ತಡಿ, ಅದರಲ್ಲೇ ಬಾತ್‌ರೂಮು. ಮಂಚ ಆರೂವರೆ ಅಡಿ, ಅದರ ಕಾಲುದೆಸೆಗೂ ನನ್ನ ರೂಮಿನ ಗೋಡೆಗೂ ನಡುವೆ ಎರಡೂವರೆ ಅಡಿ ದಾರಿ. ಅವ್ವ ವಾಕರ್ ಹಿಡಿದು ಪುಡಿಯ ಗೆರೆಗಳ ನಡುವೆ ಮಂಚದಿಂದ ಬಾತ್‌ರೂಮಿಗೆ ಮೂರು ಸಲ ಹೋಗಿ ಬಂದಳು. ಮಕ್ಕಳು ಕುಂಟೆಬಿಲ್ಲೆ ಆಡ್ತಾರಲ್ಲ, ಹಾಗೆ. ಮೂರನೇ ಸಲ ನಮ್ಮ ಕಡೆ ತಿರುಗಿ ನಕ್ಕಳು ನೋಡಿ, ನಮ್ಮೆಜಮಾನ್ರು ಮಂಡಕ್ಕಿ ಖಾರ ಜಾಸ್ತಿಯಾಯ್ತು ಅಂತ ಕಣ್ಣು ಒರೆಸಿಕೊಂಡ್ರು.

ಹೊರಡೋವಾಗ ಮುನಿರಾಜಣ್ಣ ನನಗೊಂದು ಮಾತು ಹೇಳಿದ್ರು. "ಅಕ್ಕಾ, ಇವತ್ತು ರೂಮು ಚಿಕ್ಕದು ಅನ್ಸುತ್ತೆ. ಗೋಡೆ ಎದ್ರೆ ಇನ್ನೂ ಚಿಕ್ಕದು ಅನ್ಸುತ್ತೆ. ಸುಣ್ಣ ಬಣ್ಣ ಆಗಿ ಸಾಮಾನು ಕೂತ್ಮೇಲೆ ಸರಿಹೋಗುತ್ತೆ. ನಡುವೆ ಮನಸ್ಸು ಬದಲಾಯಿಸ್ಬೇಡಿ." ಹೂಂ ಹೂಂ ಅಂದೆ. ಕಿವಿಗೆ ಹಾಕ್ಕೊಂಡಿದ್ರೆ ಈ ಕಥೆ ಇಲ್ಲಿಗೇ ಮುಗೀತಿತ್ತು.

ವಿಜಯದಶಮಿ ದಿನ ಗುದ್ದಲಿ ಪೂಜೆ ಆಯ್ತು. ಚಳಿಗಾಲದಲ್ಲಿ ಪಾಯ, ಸಂಕ್ರಾಂತಿ ಕಳೆದ ಮೇಲೆ ಕಂಬ. ಶಿವರಾತ್ರಿ ಆದ ವಾರ ಮೋಲ್ಡ್. ಆ ದಿನ ಬೆಳಿಗ್ಗೆಯೇ ಜಲ್ಲಿ ಲಾರಿ ನಮ್ಮ ರಸ್ತೆ ಮೂಲೆಯ ಗುಂಡಿಯಲ್ಲಿ ಕೂತುಬಿಡ್ತು. ಆಳುಗಳು, ನಮ್ಮೆಜಮಾನ್ರು, ಟೆರೇಸ್ ಮೇಲಿಂದ ನಮ್ಮನ್ನ ನೋಡಿ ನಕ್ಕಿದ್ದ ಅಕ್ಕಪಕ್ಕದವರು, ಎಲ್ಲ ಸೇರಿ ನೂಕಿದ್ರು. ಇಡೀ ದಿನ ಮಿಕ್ಸರ್ ಗಡಗಡ ಅಂತು. ನಾನು ದೊಡ್ಡ ಪಾತ್ರೆಯಲ್ಲಿ ಶಾವಿಗೆ ಪಾಯಸ ಮಾಡಿ ಹೊತ್ತುಕೊಂಡು ಹೋಗಿದ್ದೆ. ಸಂಜೆ ಮುಗಿದಾಗ ಎಲ್ಲರ ಕೈಯೂ ಬೂದಿ ಬಣ್ಣ, ಎಲ್ಲರ ಮೀಸೆಯಲ್ಲೂ ಪಾಯಸ.

ಮಾರನೇ ದಿನದಿಂದ ನೀರು ಹಾಕೋದು ನನ್ನ ಪಾಲಿಗೆ ಬಂತು. ಬೆಳಿಗ್ಗೆ ಮೊದಲ ಬಸ್ಸಿಗೇ ಬಂದು, ಏಣಿ ಹತ್ತಿ, ಪೈಪ್ ಹಿಡಿದು ನಿಲ್ತಿದ್ದೆ. ಬಿಸಿಲು ಏರೋಕೆ ಮುಂಚೆ ಆ ನೀರು ತುಂಬಿದ ಮೋಲ್ಡ್ ಮೇಲೆ ಆಕಾಶ ಬಿದ್ದಿರ್ತಿತ್ತು. ಯಾರೂ ಇಲ್ಲ ಅಂತ ನೋಡ್ಕೊಂಡು ಚಪ್ಪಲಿ ಬಿಟ್ಟು ಆ ನೀರಲ್ಲಿ ಓಡಾಡ್ತಿದ್ದೆ. ನಲವತ್ತೆಂಟು ವರ್ಷದ ಹೆಂಗಸು, ಸೀರೆ ಎತ್ತಿ ಸಿಕ್ಕಿಸಿಕೊಂಡು! ನಮ್ಮನೆ, ನಮ್ಮನೆ ಅಂತ ಬಾಯಿಬಿಟ್ಟು ಹೇಳ್ಕೊತಿದ್ದೆ.

ಆ ಖುಷಿಯಲ್ಲೇ ತಪ್ಪೂ ಆಯ್ತು. ಶ್ರಾವಣಕ್ಕೆ ಅಂಗಡಿ ಹೊಸ ಜಾಗಕ್ಕೆ ಬರುತ್ತೆ ಅಂತ ಕಾರ್ಡ್ ಮಾಡಿಸಿ ಗಿರಾಕಿಗಳಿಗೆಲ್ಲ ಹಂಚಿದೆ. ಮುನಿರಾಜಣ್ಣ ಶ್ರಾವಣಕ್ಕೆ ಆಗುತ್ತೆ ಅಂತ ಹೇಳೇ ಇರಲಿಲ್ಲ, ಆಗಬಹುದು ಅಂದಿದ್ರು ಅಷ್ಟೇ. ಆಗಬಹುದು ಅನ್ನೋದನ್ನ ಆಗುತ್ತೆ ಅಂತ ನಾನೇ ಹೊಲಿದುಕೊಂಡೆ. ಇನ್ನೊಂದು ಕಡೆ, ಮೋಲ್ಡಿಗೆ ಕೆಳಗಿಂದ ಆಸರೆ ಕೊಟ್ಟಿದ್ದ ಸೆಂಟ್ರಿಂಗ್ ಬಿಚ್ಚಿದ ಮೇಲೆ ಒಳಗೆ ಹೋಗಿ ನಿಂತೆ. ನನ್ನ ರೂಮಿಗೂ ಅವ್ವನ ರೂಮಿಗೂ ನಡುವಿನ ಗೋಡೆಗೆ ಗೆರೆ ಹಾಕಿದ್ರು. ಅದು ರೂಮಾ, ಬೀರುವಾ? ಟೇಬಲ್ ಇಟ್ರೆ ಅದೇ ಗೋಡೆಗೆ ಮೆಷಿನ್ ಹಿಡಿಯಲ್ಲ. ಅದೇ ಒಂಬತ್ತಡಿ ಆದ್ರೆ ಎರಡೂ ಸಲೀಸಾಗಿ ಕೂರುತ್ತೆ. ಎರಡು ದಿನ ನಿದ್ದೆ ಬರಲಿಲ್ಲ.

ಮೂರನೇ ದಿನ ಮುನಿರಾಜಣ್ಣ ಅವರ ತಂಗಿ ಮಗಳ ಮದುವೆಗೆ ಅಂತ ಕುಣಿಗಲ್ ಕಡೆ ಹೋಗಿದ್ರು. ಗೋಡೆ ಕಟ್ಟೋ ಯಲ್ಲಪ್ಪ ಒಬ್ಬನೇ ಇದ್ದ, ಯಾದಗಿರಿ ಕಡೆಯವನು. ಮೊದಲ ಸಾಲು ಬ್ಲಾಕ್ ಇಡೋಕೆ ಗಾರೆ ಕಲಸ್ತಾ ಇದ್ದ.

"ಯಲ್ಲಪ್ಪಾ, ಈ ಗೋಡೆ ಒಂದಡಿ ಆ ಕಡೆ ಹಾಕಪ್ಪ" ಅಂದುಬಿಟ್ಟೆ.

"ಮೇಸ್ತ್ರಿ ಹೇಳ್ಯಾರೇನ್ರೀ ಅಕ್ಕಾರ?"

"ಹೇಳಿದಾರೆ."

ಹಸೀ ಸುಳ್ಳು. ಆದ್ರೆ ಆಗ ನನಗೆ ಅದು ಸುಳ್ಳು ಅಂತಲೂ ಅನ್ನಿಸಲಿಲ್ಲ. ಬ್ಲೌಸ್ ಹೊಲಿಯೋವಾಗ ನಾವು ಎರಡು ಪಕ್ಕದಲ್ಲೂ ಒಂದೊಂದು ಇಂಚು ಒಳಗೆ ಮಡಚಿ ಬಿಟ್ಟಿರ್ತೀವಿ, ಮೈ ಬಂದ್ರೆ ಬಿಚ್ಚಿಕೊಳ್ಳಲಿ ಅಂತ. ಬುದ್ಧಿ ಇರೋ ಯಾವ ಕೆಲಸಗಾರನೂ ಸರಿಯಾಗಿ ಅಳತೆಗೇ ಕತ್ತರಿಸಲ್ಲ, ಮುನಿರಾಜಣ್ಣನೂ ಅವ್ವನ ರೂಮಲ್ಲಿ ಎಲ್ಲೋ ಒಂದಿಷ್ಟು ಬಿಟ್ಟೇ ಇರ್ತಾರೆ ಅಂದ್ಕೊಂಡೆ. ಇಪ್ಪತ್ತು ವರ್ಷ ಕತ್ತರಿ ಹಿಡಿದ ತಲೆ ಹಾಗೇ ಓಡೋದು. ಮದುವೆಯಿಂದ ಬಂದ ಮುನಿರಾಜಣ್ಣ ತಾನೇ ಹಾಕಿದ ಗೆರೆ ಅಂತ ಮತ್ತೆ ಅಳೀಲಿಲ್ಲ. ಗೋಡೆ ಎದ್ದು ನಿಂತಿತು. ನನ್ನ ರೂಮು ನೋಡಿ ನೋಡಿ ನನಗೆ ಹಿಗ್ಗೋ ಹಿಗ್ಗು.

ಆಷಾಢದ ಗಾಳಿಯಲ್ಲಿ ಪ್ಲಾಸ್ಟರಿಂಗ್ ಮುಗೀತು. ನೆಲಕ್ಕೆ ಟೈಲ್ಸ್ ಹಾಕೋ ಮುಂಚೆ ಅವ್ವನ್ನ ಕರ್ಕೊಂಡು ಬನ್ನಿ ಅಂದ್ರು ಮುನಿರಾಜಣ್ಣ. ಮಂಚದ ಅಳತೆಗೆ ಸರಿಯಾಗಿ ನೆಲದ ಮೇಲೆ ಇಟ್ಟಿಗೆ ಜೋಡಿಸಿದ್ರು. ಅವ್ವ ಅದರ ಪಕ್ಕ ನಿಂತು, ಸೆರಗು ಸರಿಮಾಡ್ಕೊಂಡು, ವಾಕರ್ ಎತ್ತಿ ಇಟ್ಟಳು. ಎರಡು ಹೆಜ್ಜೆ ಹೋದಳು. ಕಾಲುದೆಸೆಗೆ ಬಂದಾಗ ವಾಕರಿನ ಒಂದು ಕಾಲು ಗೋಡೆಗೆ ತಾಗಿತು, ಇನ್ನೊಂದು ಇಟ್ಟಿಗೆಗೆ ತಾಗಿತು. ಹಿಂದಕ್ಕೆ ಎಳೆದು ಮತ್ತೆ ನೋಡಿದಳು. ಓರೆ ಮಾಡಿ ನೋಡಿದಳು. ಬಾತ್‌ರೂಮಿನ ಬಾಗಿಲು ಅವಳ ಮೂಗಿನ ನೇರಕ್ಕೇ ಇತ್ತು, ಹೋಗೋಕೆ ಆಗಲಿಲ್ಲ.

ಆಮೇಲೆ ಅವ್ವನೇ, "ಇರ್ಲಿ ಬಿಡ್ರೋ. ಹೆಂಗೋ ಆಗ್ತದೆ. ಇಲ್ಲಾಂದ್ರೆ ಇವಳನ್ನೇ ಕೂಗ್ತೀನಿ, ಅಭ್ಯಾಸ ಐತಲ್ಲ" ಅಂದಳು. ನಗ್ತಾನೇ ಅಂದಳು. ಅವಳು ಬೈದಿದ್ರೆ ನಾನು ತಡ್ಕೊತಿದ್ದೆ.

ಮುನಿರಾಜಣ್ಣ ಟೇಪ್ ತೆಗೆದು ಅಳೆದ್ರು. ಮತ್ತೆ ಅಳೆದ್ರು. ಮುಖ ಕೆಂಪಾಯ್ತು. "ಲೇ ಯಲ್ಲಪ್ಪಾ! ಬಾರೋ ಇಲ್ಲಿ! ನಾನು ಹಾಕಿದ ಗೆರೆ ಕಣ್ಣಿಗೆ ಕಾಣಿಸಲಿಲ್ವೇನೋ? ಮುದುಕಿ ಓಡಾಡೋ ದಾರಿ ನುಂಗಿದೀಯಲ್ಲೋ!" ಯಲ್ಲಪ್ಪ ಕರಣೆ ಹಿಡಿದು ಬಂದು ನಿಂತ. ಒಂದೇ ಒಂದು ಸಲ ನನ್ನ ಕಡೆ ನೋಡಿದ, ಆಮೇಲೆ ತಲೆ ತಗ್ಗಿಸಿದ. "ತಪ್ಪಾತ್ರೀ" ಅಂದ.

ಸುಮ್ಮನಿದ್ದುಬಿಡೋಣ ಅನ್ನಿಸಿದ್ದು ನಿಜ, ಸುಳ್ಳು ಯಾಕೆ ಹೇಳಲಿ. ಆದ್ರೆ ಆ ಹುಡುಗನ ತಗ್ಗಿಸಿದ ತಲೆ ನೋಡೋಕಾಗಲಿಲ್ಲ. "ಅವನದಲ್ಲ ಅಣ್ಣಾ, ನಂದು. ನಾನೇ ಸುಳ್ಳು ಹೇಳಿ ಸರಿಸಿದೆ. ನನ್ನ ಟೇಬಲ್ಲಿಗೆ ಜಾಗ ಸಾಲಲ್ಲ ಅಂತ. ಒಳಗೆ ಎಲ್ಲೋ ಮಾರ್ಜಿನ್ ಬಿಟ್ಟಿರ್ತೀರಾ ಅಂದ್ಕೊಂಡೆ" ಅಂದೆ.

ನಮ್ಮೆಜಮಾನ್ರು ನನ್ನ ನೋಡಿದ ನೋಟ ಇವತ್ತಿಗೂ ಮರೆಯೋಕೆ ಆಗಲ್ಲ. ಮುನಿರಾಜಣ್ಣನ ಸಿಟ್ಟು ಮಾತ್ರ ಜರ್ರಂತ ಇಳೀತು. "ಬಟ್ಟೆಗೆ ಒಳಗೆ ಮಡಚಿದ್ದಿರುತ್ತೆ ಅಕ್ಕಾ. ಮನೆಗೆ ಇರಲ್ಲ. ನೀವು ತಗೊಂಡ ಒಂದೊಂದು ಅಡೀನೂ ಇನ್ನೊಬ್ರುದೇ" ಅಂದ್ರು. ರೂಮಿನ ಬಾಗಿಲ ಕಡೆ ನೋಡಿ ಸೇರಿಸಿದ್ರು, "ಮಂಚ ತಿರುಗಿಸಿದ್ರೆ ರೂಮಿನ ಬಾಗಿಲು ತೆಗೆಯೋಕಾಗಲ್ಲ. ಗೋಡೆ ಒಡೆದು ಕಟ್ಟಿ, ಮತ್ತೆ ಪ್ಲಾಸ್ಟರ್ ಮಾಡ್ಬೇಕು ಅಂದ್ರೆ ನಿಮ್ಮ ಶ್ರಾವಣ ಹೋಯ್ತು."

"ಬ್ಯಾಡ," ಅಂದಳು ಅವ್ವ. "ಕಾರ್ಡು ಹಂಚ್ಯಾಳೆ. ಅವಳ ಬಾಳ ವರ್ಷದ ಆಸೆ ಅದು."

ಆ ಮಾತು ಕೇಳಿ ನನಗೆ ಏನಾಯ್ತೋ ಗೊತ್ತಿಲ್ಲ. ಮೂಲೆಯಲ್ಲಿದ್ದ ಸುತ್ತಿಗೆ ಎತ್ತಿಕೊಂಡೆ. "ಅಕ್ಕಾರ, ನಾ ಹೊಡೀತೀನಿ ಬಿಡ್ರಿ" ಅಂತ ಯಲ್ಲಪ್ಪ ಓಡಿ ಬಂದ. ಬಿಡಲಿಲ್ಲ. ಮೊದಲ ಏಟು ನಾನೇ ಹಾಕಿದೆ. ಪ್ಲಾಸ್ಟರಲ್ಲಿ ಒಂದು ಚೂರು ಸೀಳಿತು ಅಷ್ಟೇ, ನನ್ನ ಕೈ ಮಾತ್ರ ಭುಜದ ತನಕ ಜುಮ್ಮಂತು. ಎರಡನೇದು, ಮೂರನೇದು. ನಾಲ್ಕನೇ ಏಟಿಗೆ ಬ್ಲಾಕು ಬಿರುಕು ಬಿಟ್ಟು ಅವ್ವನ ರೂಮಿಂದ ನನ್ನ ರೂಮಿಗೆ ಒಂದು ಮುಷ್ಟಿಯಷ್ಟು ಬೆಳಕು ಬಂತು. ಅಳು, ಬೆವರು, ಧೂಳು, ಎಲ್ಲ ಒಂದಾಗಿ ಮುಖಕ್ಕೆ ಮೆತ್ತಿಕೊಂಡಿತ್ತು. ಆದ್ರೂ ನಂಬ್ತೀರೋ ಇಲ್ವೋ, ಎದೆ ಹಗುರಾಗಿ ಹಾರ್ತಾ ಇತ್ತು. ನಮ್ಮೆಜಮಾನ್ರು ಬಂದು ನನ್ನ ಕೈಯಿಂದ ಸುತ್ತಿಗೆ ಇಸ್ಕೊಂಡು ಐದನೇ ಏಟು ಹಾಕಿದ್ರು.

ಗಿರಾಕಿಗಳಿಗೆಲ್ಲ ಫೋನ್ ಮಾಡಿ ಶ್ರಾವಣ ಅಲ್ಲ ತಾಯಿ, ನವರಾತ್ರಿ ಅಂದೆ. "ಟೈಲರ್ ಆಂಟಿ ಮಾತು ಯಾವಾಗ ನಿಂತಿದೆ" ಅಂತ ಒಬ್ಬಳು ನಕ್ಕಳು. ಅನ್ನಿಸಿಕೊಂಡೆ. ಆಗಲೇ ಮಾಡಿಸಿಟ್ಟಿದ್ದ ಆರಡಿ ಟೇಬಲ್ಲನ್ನ ಬಡಗಿಯ ಹತ್ರ ನಾಲ್ಕಡಿಗೆ ಕೊಯ್ಸಿ, ಮಿಕ್ಕ ಎರಡಡಿಯನ್ನ ಕೀಲು ಹಾಕಿ ಮಡಚೋ ಹಾಗೆ ಮಾಡಿಸಿದೆ. ಮುನಿರಾಜಣ್ಣ ಹೇಳಿದ ಹಾಗೇ, ಬಣ್ಣ ಆದ ಮೇಲೆ ಎಂಟಡಿ ರೂಮೂ ರೂಮಿನ ಹಾಗೇ ಕಾಣಿಸ್ತು.

ನವರಾತ್ರಿಯ ಎರಡನೇ ದಿನ ಗೃಹಪ್ರವೇಶ ಆಯ್ತು. ಮೂರನೇ ದಿನ ಬೆಳಿಗ್ಗೆಯೇ ಮೊದಲ ಗಿರಾಕಿ ರಸ್ತೆ ಕಡೆ ಬಾಗಿಲಲ್ಲಿ ಬಂದಳು. ನನ್ನ ಬಾಗಿಲಲ್ಲಿ! ಕೈ ಅಗಲಿಸಿ ನಿಂತಳು. ನಾನು ಟೇಪ್ ಸುತ್ತಿ ಎದೆ ಅಳತೆ ಹಿಡೀತಾ ಇದ್ದೆ. ಆಗ ಗೋಡೆಯ ಆ ಕಡೆಯಿಂದ ಕೇಳಿಸ್ತು, ಟಕ್, ಟಕ್, ಟಕ್. ಅವ್ವನ ವಾಕರ್. ಐದು ವರ್ಷದ ಅಭ್ಯಾಸ ನೋಡಿ, ಟೇಪನ್ನ ಗಿರಾಕಿ ಮೈಮೇಲೇ ಬಿಟ್ಟು ಓಡಿದೆ. ರೂಮಲ್ಲಿ ಮಂಚ ಖಾಲಿ. ಬಾತ್‌ರೂಮಿನ ಬಾಗಿಲು ಮುಚ್ಚಿತ್ತು. ಹಿಡ್ಕೊಳ್ಳೋಣ ಅಂತ ಕೈ ಇಟ್ಟು ಮೆಲ್ಲಗೆ ತಳ್ಳಿದೆ. ತೆಗೀಲಿಲ್ಲ. ಅವ್ವ ಒಳಗಿಂದ ಚಿಲಕ ಹಾಕ್ಕೊಂಡಿದ್ದಳು.

ನಾನು ಆ ಬಾಗಿಲಿಗೆ ಹಣೆ ಇಟ್ಟು ನಿಂತೇ ಇದ್ದೆ.

"ಯಾರದು ಅಲ್ಲಿ?" ಅಂತ ಒಳಗಿಂದ ಅವ್ವನ ಗದರು ದನಿ ಬಂತು. "ಯಾರೂ ಬ್ಯಾಡ, ಹೋಗ್ರಿ ಆ ಕಡೆ!"